ತೂಕ ಕೂಗುವ ಮೊದಲು

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದು ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನವರಿಗೆಲ್ಲ ಗೊತ್ತು. ನಾನು ಕನ್ನಡ ಕಲಿಸುತ್ತಿದ್ದ ಕಾಲೇಜಿನ ಸ್ಟಾಫ್ ರೂಮಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಯಾವುದಾದರೂ ಸುದ್ದಿ ಬೇಗ ಹರಡಬೇಕಾದರೆ ಕನ್ನಡ ಮೇಡಂ ಕಿವಿಗೆ ಹಾಕಿದರೆ ಸಾಕು ಎಂದು ನನ್ನ ಎದುರಿಗೇ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸುಳ್ಳೇನಲ್ಲವಲ್ಲ. ಅಂಥ ನನ್ನನ್ನು ಹಿಡಿದು, ಯಾರಿಗೂ ಹೇಳಬಾರದ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಹೇಳಿದವಳು ಒಬ್ಬಳೇ. ಅವಳು ಹೋಗಿ ಒಂದು ಬೇಸಿಗೆ ಕಳೆಯಿತು. ಸಂಖ್ಯೆಯನ್ನು ಹೇಳಬೇಕಾದಲ್ಲಿ ಹೇಳಿ ಮುಗಿಸಿದ್ದೇನೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಅದು ನೆನಪಿದೆಯೇ ಎಂದು ಒಮ್ಮೆ ನೋಡಿಕೊಳ್ಳುವ ಅಭ್ಯಾಸ ಬಿಟ್ಟುಹೋಗಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ಬೋರ್ಡಿನ ಮೇಲೆ ತನ್ನ ಹೆಸರು ದೊಡ್ಡದಾಗಿ ಬಂದರೂ ಮುಖ ಸಣ್ಣದು ಮಾಡುತ್ತಿದ್ದವಳು ಅವಳು. ಹುಡುಗರು 'ತೂಕದ ಮೇಡಂ' ಅನ್ನುತ್ತಿದ್ದರು, ಅಷ್ಟು ಸಾಕು. ಭೌತಶಾಸ್ತ್ರ ಕಲಿಸುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಅವಳ ಬಾಡಿಗೆ ಮನೆ ನಮ್ಮ ಮನೆಯ ಬೆನ್ನಿಗಿತ್ತು. ನಡುವಿನ ಗೋಡೆಯ ಮೇಲಿಂದ ಎಷ್ಟು ಪಲ್ಯದ ಬಟ್ಟಲು ಆ ಕಡೆ ಈ ಕಡೆ ದಾಟಿವೆಯೋ.

ಮೊದಮೊದಲು ಅವಳ ಒಂದು ಚಟ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಕೈಗೆ ಏನೇ ಕೊಟ್ಟರೂ ಅಂಗೈಯಲ್ಲಿ ಇಟ್ಟುಕೊಂಡು ಒಂದು ಗಳಿಗೆ ಮೇಲೆ ಕೆಳಗೆ ಮಾಡುತ್ತಿದ್ದಳು. ಉತ್ತರಪತ್ರಿಕೆಯ ಕಟ್ಟು, ಕುಂಬಳಕಾಯಿ, ನನ್ನ ಕೈಚೀಲ. ಆಮೇಲೆ ಅದರ ತೂಕ ಹೇಳುತ್ತಿದ್ದಳು. ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ನನಗೆ ಮೊಮ್ಮಗಳು ಹುಟ್ಟಿದಾಗ ದವಾಖಾನೆಗೆ ಬಂದಳು. ಕೂಸನ್ನು ಎತ್ತಿಕೊಂಡು, ಕಣ್ಣು ಮುಚ್ಚಿ ತೂಕ ಹೇಳಿದಳು. ನರ್ಸ್ ನಕ್ಕುಬಿಟ್ಟಳು. ಅಷ್ಟು ಭಾರದ ಕೂಸು ಆ ವಾರ್ಡಿನಲ್ಲೇ ಇರಲಿಲ್ಲ. ನಮ್ಮದೋ, ದಿನ ತುಂಬುವ ಮೊದಲೇ ಹುಟ್ಟಿದ ಸಣಕಲು ಕೂಸು.

"ಎಲ್ಲಿ ಹೋತವಾ ನಿನ್ನ ವಿದ್ಯಾ?" ಎಂದೆ.

"ಕೂಸು ದಪ್ಪ ಇರ್ಲಿ ಅಂತ ಮನಸ್ನ್ಯಾಗ ಇತ್ತಲ್ರಿ ಅಕ್ಕಾರ, ಕೈ ಹಂಗ ಹೇಳ್ತು" ಎಂದಳು. ನಗಲಿಲ್ಲ. "ಮನಸ್ಸಿಗೆ ಏನು ಬೇಕಾಗಿರ್ತೈತಿ, ಕೈ ಅದನ್ನ ತೂಗತೈತಿ. ನಮ್ಮ ಕೆಲಸದಾಗ ಇದ ದೊಡ್ಡ ಭಯ."

ಅವಳ ಆ ಕೆಲಸವೇನು ಎಂದು ನಾನು ಸರಿಯಾಗಿ ಕೇಳಿದ್ದು ಆ ದಿನವೇ. ಅಲ್ಲಿಯವರೆಗೆ, ಪ್ರತಿ ವರ್ಷ ಸೂಟಿಯಲ್ಲಿ ಹೊರದೇಶದ ಯಾವುದೋ ಪ್ರಯೋಗಾಲಯಕ್ಕೆ ಹೋಗಿ ಬರುತ್ತಾಳೆ, ಉಳಿದ ದಿನ ಅಲ್ಲಿಂದ ಕಂಪ್ಯೂಟರಿಗೆ ಬಂದ ಅಂಕಿಗಳನ್ನು ನೋಡುತ್ತಾ ಕೂಡುತ್ತಾಳೆ ಎಂಬುದಷ್ಟೇ ಗೊತ್ತಿತ್ತು. ಅಲ್ಲೇ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ತಾನಾಗಿಯೇ ತಿರುಗಿ ಬಂದವಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಅಲ್ಲಿ ಖಡಕ್ ರೊಟ್ಟಿ ಸಿಗೂದಿಲ್ರಿ" ಎನ್ನುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ ಅದೇ ಉತ್ತರ. ಕೇಳಿದವರು ತಲೆ ಕೆರೆದುಕೊಂಡು ಹೋಗುತ್ತಿದ್ದರು.

ದವಾಖಾನೆಯ ಬೇವಿನ ಗಿಡದ ಕೆಳಗೆ ಕೂತು ಹೇಳಿದಳು. ಅವಳ ತಂದೆಯದು ಇಳಕಲ್ಲಿನ ಹೊರಗೆ ಲಾರಿ ತೂಗುವ ವೇ ಬ್ರಿಡ್ಜ್. ಆ ಕಡೆಯವರು ಅದಕ್ಕೆ ಕಾಟಾ ಅನ್ನುತ್ತಾರೆ. ಕ್ವಾರಿಗಳಿಂದ ಕೆಂಪು ಗ್ರಾನೈಟಿನ ದೊಡ್ಡ ಬಂಡೆಗಳನ್ನು ಹೇರಿಕೊಂಡು ಬರುವ ಲಾರಿಗಳು ಅಲ್ಲಿ ತೂಕಕ್ಕೆ ನಿಲ್ಲುತ್ತವೆ.

"ನಮ್ಮ ಅಪ್ಪನ ಕಾಟಾದ ಮ್ಯಾಲ ಕಲ್ಲು ತುಂಬಿದ ಲಾರಿ ನಿಂತೈತಿ ಅಂತ ತಿಳೀರಿ. ಡ್ರೈವರನ ಕಿಸೆದಾಗ ಒಂದ ಎಳ್ಳುಕಾಳು ಐತೋ ಇಲ್ಲೋ, ಲಾರಿ ತೂಗೇ ಹೇಳಬೇಕು. ಅಷ್ಟು ನಾಜೂಕಿಲೆ ನಾವು ಪರಮಾಣು ತೂಗ್ತೇವಿ."

"ತೂಗಿ ಏನ ಮಾಡ್ತೀರಿ? ಮಾರ್ತೀರೇನು?"

"ಕೇಳ್ರಿ ಸುಮ್ಮ. ಕೆಲವೊಂದು ಪರಮಾಣು ತಾವ ತಾವ ಇನ್ನೊಂದು ಪರಮಾಣು ಆಗ್ತಾವು. ಆಗೂ ಮುಂದ ಒಂದು ಎಲೆಕ್ಟ್ರಾನು, ಅದರ ಜೋಡಿ ನ್ಯೂಟ್ರಿನೊ ಅಂತ ಒಂದು ಕಣ ಹೊರಗ ಬೀಳ್ತಾವು. ಅದಕ್ಕ ಬೀಟಾ ಕ್ಷಯ ಅಂತಾರ. ಆದ್ರ ಮೊದಲಿನ ಪರಮಾಣು ಎರಡನೇದ್ದಕ್ಕಿಂತ ಒಂದೀಟರೆ ಭಾರ ಇದ್ರನ ಇದು ಆಗೂದು. ಆ ಹೆಚ್ಚಿನ ತೂಕನ ದಾರಿಖರ್ಚು. ಖರ್ಚಿಗಿಲ್ಲಂದ್ರ ಊರು ಬಿಟ್ಟು ಹೊರಡೂದು ಹೆಂಗ?"

ಆ ಹೆಚ್ಚಿನ ತೂಕ ಬಹಳ ಬಹಳ ಸಣ್ಣದಿದ್ದರೆ ಆ ಕ್ಷಯ ಅತಿ ಅಪರೂಪವಂತೆ. ಭೂಮಿಯ ಆಯುಷ್ಯವೇ ಸಾಲದಷ್ಟು ನಿಧಾನವಂತೆ. ಆದರೆ ಅಂಥ ಅಪರೂಪದ ಕ್ಷಯದಲ್ಲೇ ನ್ಯೂಟ್ರಿನೊದ ತೂಕ ತಿಳಿಯಲು ದಾರಿ ಇದೆಯಂತೆ. ದಾರಿಖರ್ಚು ದೊಡ್ಡದಿದ್ದರೆ ಆ ಕಣದ ಪಾಲು ಕಣ್ಣಿಗೆ ಬೀಳುವುದಿಲ್ಲ, ಖರ್ಚು ಚಿಕ್ಕದಿದ್ದರೆ ಅದರ ಪಾಲು ಎದ್ದು ಕಾಣುತ್ತದೆ. ಇಷ್ಟು ನನಗೆ ತಿಳಿಯಿತು. ತೂಗುವುದು ಹೇಗೆ ಎಂದು ಕೇಳಿದೆ. ತಕ್ಕಡಿಯೇ ಇಲ್ಲವಂತೆ. ದೊಡ್ಡ ಅಯಸ್ಕಾಂತದ ನಡುವೆ, ಗಾಳಿಯೂ ಇಲ್ಲದ ಜಾಗದಲ್ಲಿ ಒಂದು ಪರಮಾಣುವನ್ನು ಹಿಡಿದಿಟ್ಟರೆ ಅದು ಗಿರಗಿರ ಸುತ್ತುತ್ತದೆ. ಭಾರದ್ದು ಸಾವಕಾಶ, ಹಗುರದ್ದು ಲಗುಬಗೆಯಿಂದ.

"ಕಣದಾಗ ಹಂತಿ ಹೊಡದಂಗ" ಎಂದೆ. ರಾಶಿಯ ದಿನಗಳಲ್ಲಿ ಮೇಟಿಯ ಸುತ್ತ ಎತ್ತು ತಿರುಗುವುದನ್ನು ನೋಡಿದವಳು ನಾನು.

ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಮರುದಿನ ಕ್ಲಾಸಿನಲ್ಲಿ ಅದನ್ನೇ ಹೇಳಿದಳಂತೆ, ನನ್ನ ಹೆಸರು ಹೇಳಿಯೇ.

ಅವಳು ಬಹಳ ವರ್ಷಗಳಿಂದ ಒಂದೇ ಒಂದು ಜೋಡಿಯ ಬೆನ್ನು ಹತ್ತಿದ್ದಳು. ಒಂದು ಪರಮಾಣು, ಅದು ಮುಂದೆ ಆಗಬಹುದಾದ ಇನ್ನೊಂದು. ಅವುಗಳ ಹೆಸರನ್ನು ಹಲವು ಸಲ ಹೇಳಿದಳು, ಹೇಳಿದ ಸಲವೆಲ್ಲ ನಾನು ಮರೆತೆ. ಕೊನೆಗೆ ನಾನೇ ಅಕ್ಕ, ತಂಗಿ ಎಂದು ಹೆಸರಿಟ್ಟೆ. ಅಕ್ಕ ತಂಗಿಗಿಂತ ಕೂದಲೆಳೆಯಷ್ಟು ಭಾರವಿದ್ದರೆ ದಾರಿ ಇದೆ. ತಂಗಿಯೇ ಭಾರವಿದ್ದರೆ ಆ ಕ್ಷಯ ನಡೆಯುವಂತೆಯೇ ಇಲ್ಲ, ಅಲ್ಲಿಗೆ ಮುಗಿಯಿತು. ಹಿಂದಿನವರು ತೂಗಿದ್ದರಲ್ಲಿ ಯಾವುದು ಹೆಚ್ಚು ಎಂದು ಹೇಳಲು ಬರುತ್ತಿರಲಿಲ್ಲ. "ಅಕ್ಕ-ತಂಗಿ ಏನಂತಾರವಾ?" ಎಂದು ಗೋಡೆಯ ಮೇಲಿಂದ ಕೇಳುವುದು ನನ್ನ ಬೆಳಗಿನ ಮಾತಾಯಿತು. "ಇನ್ನೂ ಕಾಟಾಕ್ಕ ಬಂದಿಲ್ರಿ" ಎನ್ನುತ್ತಿದ್ದಳು.

ಹುಡುಗರಿಗೂ ಅವಳೆಂದರೆ ಸಲಿಗೆ. ಒಮ್ಮೆ ಅವರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆವು. ಸಂಜೆ ತಿರುಗಿ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಬಸ್ಸು ನಿಲ್ಲಿಸಿದರು. ಕಾಮರ್ಸ್ ಹುಡುಗನೊಬ್ಬ ಧೈರ್ಯ ಮಾಡಿ, "ಮೇಡಂ, ನಿಮ್ಮ ಸಂಶೋಧನಾದಿಂದ ಮಂದಿಗೆ ಏನ್ರಿ ಉಪಯೋಗ?" ಎಂದು ಕೇಳಿದ.

"ಗೊತ್ತಿಲ್ಲಪ. ಚಾ ಕುಡಿ" ಎಂದಳು.

ಅವನು ಮುಖ ಬಾಡಿಸಿಕೊಂಡ. ಅರ್ಧ ಕಪ್ಪು ಕುಡಿದ ಮೇಲೆ ತಾನೇ ಅವನನ್ನು ಕರೆದಳು. "ಆ ನ್ಯೂಟ್ರಿನೊ ಐತಲ್ಲ, ಈಗ ನಾವು ಮಾತಾಡೂದರಾಗ ನಿನ್ನ ಮೈಯಾಗಿಂದ ಲೆಕ್ಕ ಇಲ್ಲದಷ್ಟು ಹಾದು ಹೋದವು. ನಿಮ್ಮ ಪಡಸಾಲ್ಯಾಗಿಂದ ದಿನಾ ಯಾರೋ ಹಾದು ಹೋಗ್ತಾರ, ಯಾರು ಅಂತ ಗೊತ್ತಿಲ್ಲಂದ್ರ ನಿಮ್ಮವ್ವ ಸುಮ್ಮನಿರ್ತಾಳೇನು?"

"ಇಲ್ರಿ ಮೇಡಂ, ಹಿಡದು ಕೇಳ್ತಾಳ್ರಿ."

"ನಾನೂ ಅಷ್ಟ ಮಾಡಾಕತ್ತೇನಿ."

ಸಹೋದ್ಯೋಗಿಯೊಬ್ಬರ ಮಗನ ಮದುವೆಗೆ ಇಳಕಲ್ಲಿಗೆ ಹೋದಾಗ ಅವಳು ನನ್ನನ್ನು ಕಾಟಾಕ್ಕೆ ಕರೆದುಕೊಂಡು ಹೋದಳು, ಅಲ್ಲಿ ಅವಳ ತಂದೆಯನ್ನು ಕಂಡೆ. ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಹೆಗಲ ಮೇಲೊಂದು ವಸ್ತ್ರ. ವ್ಯವಹಾರವನ್ನೆಲ್ಲ ಮಗನಿಗೆ ವಹಿಸಿದ್ದರೂ ತೂಕದ ಕಿಟಕಿಯ ಹತ್ತಿರದ ಕುರ್ಚಿಯನ್ನು ಮಾತ್ರ ಬಿಟ್ಟಿರಲಿಲ್ಲ. ನಾವು ಒಳಗೆ ಕೂತಿದ್ದಾಗಲೇ ಬಂಡೆ ಹೇರಿದ ಲಾರಿಯೊಂದು ಬಂದು ಕಾಟಾದ ಮೇಲೆ ನಿಂತಿತು. ಡ್ರೈವರನನ್ನು ಕೆಳಗಿಳಿಸಿದರು. ತೂಕ ತೋರಿಸುವ ಡಬ್ಬಿಯಲ್ಲಿ ಕೆಂಪು ಅಂಕಿಗಳು ಓಡತೊಡಗಿದವು. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಆ ಡಬ್ಬಿಯ ಮೇಲೆ ಹಾಕಿಬಿಟ್ಟರು.

ನನಗೆ ಅರ್ಥವಾಗಲಿಲ್ಲ. ಕಲ್ಲು ಮಾರುವವರ ಕಡೆಯವನು ಆಗಲೇ ಕಿಟಕಿಗೆ ಬಂದು, "ಎಷ್ಟ ಬಂತ್ರಿ ಯಜಮಾನ್ರ?" ಎಂದು ಕತ್ತು ಚಾಚಿದ.

"ತಡೀಪಾ, ಇನ್ನೊಬ್ರು ಬರ್ಲಿ" ಎಂದರು.

ಕೊಳ್ಳುವವರ ಕಡೆಯವನು ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದ. ಅವನು ಕುಡಿದು, ಬಾಯಿ ತೊಳೆದುಕೊಂಡು, ಸಾವಕಾಶ ಬಂದ. ಅಲ್ಲಿಯವರೆಗೆ ವಸ್ತ್ರ ಅಲ್ಲಿಯೇ ಇತ್ತು. ಕಿಟಕಿಯ ಎರಡು ಪಕ್ಕಕ್ಕೆ ಇಬ್ಬರೂ ನಿಂತ ಮೇಲೆ, ಹೊರಗೆ ನೋಡಿ ಲಾರಿ ಅಲುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ವಸ್ತ್ರ ಎತ್ತಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಇಡೀ ಅಂಗಳಕ್ಕೆ ಕೇಳುವಂತೆ ತೂಕ ಕೂಗಿದರು. ಆ ವಯಸ್ಸಿನಲ್ಲಿ ಅಂಥ ದನಿ ಎಲ್ಲಿಂದ ಬಂತೋ, ನಾನು ಬೆಚ್ಚಿಬಿದ್ದೆ.

"ಮೊದಲ ಕೇಳಿದಾಂವ್ನ ಮನಸ್ನ್ಯಾಗ ಒಬ್ಬ ವಕೀಲ ಹುಟ್ಟತಾನ್ರಿ" ಎಂದರು ನನಗೆ. "ಕಡಿಮಿ ಅನಸ್ತಂದ್ರ ಕಾಟಾ ಸರಿ ಇಲ್ಲ ಅಂತಾನ, ಹೆಚ್ಚನಸ್ತಂದ್ರ ಸುಮ್ಮನಿರ್ತಾನ. ಅದಕ್ಕ ಇಬ್ರೂ ಬರೂತನಾ ನಾನೂ ನೋಡೂದಿಲ್ಲ."

ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು ನಕ್ಕಳು. "ನಮ್ಮ ಪ್ರಯೋಗಾಲಯದಾಗ ಇದಕ್ಕ ಇಂಗ್ಲಿಷಿನಾಗ ಒಂದ ದೊಡ್ಡ ಹೆಸರು ಐತ್ರಿ ಅಕ್ಕಾರ. ನಮ್ಮಪ್ಪ ವಸ್ತ್ರ ಹಾಕ್ತಾನ, ಅಷ್ಟ."

ಆ ವಸ್ತ್ರದ ಕೆಲಸಕ್ಕೆ ನಾನು ಬಂದದ್ದು ಅದಾದ ಮುಂದಿನ ವರ್ಷ. ಅಕ್ಕ-ತಂಗಿಯರು ಕೊನೆಗೂ ಕಾಟಾಕ್ಕೆ ಬಂದಿದ್ದರು. ಹೊರದೇಶದ ಪ್ರಯೋಗಾಲಯದಲ್ಲಿ ಅಳತೆ ಶುರುವಾಗಿ, ಅಂಕಿಗಳು ಅವಳ ಕಂಪ್ಯೂಟರಿಗೆ ಬರುವುದಿತ್ತು. ಒಂದು ರವಿವಾರ ಮುಂಜಾನೆ ನನ್ನನ್ನು ಮನೆಗೆ ಕರೆದು, ಕಂಪ್ಯೂಟರಿನ ಮುಂದೆ ಕೂಡಿಸಿ, ತಾನು ಗೋಡೆಗೆ ಮುಖ ಮಾಡಿ ನಿಂತಳು.

"ಒಂದ ಸಂಖ್ಯಾ ಮನಸ್ನ್ಯಾಗ ಹಿಡೀರಿ. ನೀವು ಮರೀಬಾರದು, ನನಗ ಹೊಳೀಬಾರದು, ಅಂಥಾದ್ದು. ಇಲ್ಲಿ ಒತ್ರಿ. ಮುಂದ ಕೂಡಿಸೂ ಗುರುತು ಹಾಕ್ತೀರೋ ಕಳೆಯೂ ಗುರುತು ಹಾಕ್ತೀರೋ, ಅದೂ ನಿಮ್ಮ ಖುಷಿ."

ನಾನು ಒತ್ತಿದ ಸಂಖ್ಯೆಯನ್ನು ಕಂಪ್ಯೂಟರು ಅಕ್ಕ-ತಂಗಿಯರ ತೂಕದ ಅಂತರದೊಳಗೆ ಬೆರೆಸಿಬಿಡುತ್ತದೆ. ಹಾಗಾಗಿ ಅವಳಿಗೆ ಕಾಣುವುದು ಖರೆ ಅಂತರವಲ್ಲ. ಆ ಕಲಬೆರಕೆ ಅಂತರದ ಮೇಲೆಯೇ ಎಲ್ಲ ಪರೀಕ್ಷೆ ಮಾಡಿ, ಎಲ್ಲ ತಪ್ಪು ಹುಡುಕಿ, ಇನ್ನು ಒಂದಂಕಿಯನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ ನನ್ನನ್ನು ಕೇಳಬೇಕು. ನಾನು ಬಾಯಿಬಿಟ್ಟು ಹೇಳಬೇಕು. ಅದನ್ನು ಕಳೆದರೆ ಉಳಿಯುವುದೇ ನಿಜ. ಆಮೇಲೆ ಹೆಚ್ಚು ಬರಲಿ ಕಡಿಮೆ ಬರಲಿ, ಯಾರೂ ಮುಟ್ಟುವಂತಿಲ್ಲ. ಅದು ಅವರ ಗುಂಪಿನ ನೇಮ. ಕಂಪ್ಯೂಟರಿನೊಳಗೂ ಸಂಖ್ಯೆ ಎಲ್ಲೋ ಇರುತ್ತದಂತೆ, ಆದರೆ ಕದ್ದು ನೋಡುವುದು ಅವರಲ್ಲಿ ಬಹಳ ಹೀನಾಯ.

ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ತವರುಮನೆಯ ನಂಬರನ್ನು ಒತ್ತಿದೆ. ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ, ಬಾಗಿಲ ಮೇಲಿನ ತಗಡಿನ ನಂಬರು ಮಾತ್ರ ನನ್ನ ಕಣ್ಣಲ್ಲಿ ಹಾಗೇ ಇದೆ.

"ನನ್ನ ಬಾಯಿ ಎಂಥಾದ್ದು ಗೊತ್ತಿದ್ದೂ ನನಗ ಯಾಕ ಹೇಳಿದಿ?" ಎಂದು ಕೇಳಿದೆ.

"ಅಕ್ಕ ಭಾರ ಆಗ್ಲಿ, ತಂಗಿ ಭಾರ ಆಗ್ಲಿ, ನಿಮಗೇನೂ ಆಗಬೇಕಾಗಿಲ್ಲ ಅಂತ. ಇದರಾಗ ಆಸೆ ಇಲ್ಲದವರು ನನಗ ನೀವೊಬ್ರ ಸಿಕ್ಕದ್ದು."

ಅದೇ ಮಳೆಗಾಲದಲ್ಲಿ ಅವಳಿಗೆ ಬೆನ್ನು ನೋವು ಶುರುವಾಯಿತು. ಕೂತು ಕೂತು ಬಂದಿದೆ ಎಂದುಕೊಂಡೆವು. ನೋವು ಹೋಗಲಿಲ್ಲ. ಡಾಕ್ಟರು ಒಳಗೊಂದು ಗಂಟು ಕಂಡು, ಅದರ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಅವಳು ಮಾಡಿದ್ದೇನು ಗೊತ್ತೇ? ಅದೇ ತುಂಡನ್ನು ಇನ್ನೊಂದು ಊರಿನ ಲ್ಯಾಬಿಗೂ ಕಳಿಸಲು ಹೇಳಿ, ಎರಡೂ ಬರುವವರೆಗೆ ಒಂದರ ಫಲಿತಾಂಶವನ್ನೂ ತನಗೆ ತಿಳಿಸಬಾರದೆಂದು ಡಾಕ್ಟರಿಗೆ ಕಟ್ಟಪ್ಪಣೆ ಮಾಡಿದಳು. ಪಾಪ, ಹೆದರಿದ್ದಾಳೆ ಎಂದುಕೊಂಡರು ಅವರು. ಎರಡನೆಯದು ಬರಲು ತಡವಾಯಿತು. ಡಾಕ್ಟರು ಫೋನ್ ಮಾಡಿದರೂ ಇವಳು ಎತ್ತಲಿಲ್ಲ. ಕೊನೆಗೆ ಅವರು ಕಾಲೇಜಿಗೇ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದರು. ಕ್ಯಾನ್ಸರು, ಎಲುಬಿಗೂ ಇಳಿದಿತ್ತು.

ನಾನು ಬಾಯಿಗೆ ಬಂದಂತೆ ಬೈದೆ. "ಇದೇನು ನಿನ್ನ ಅಕ್ಕ-ತಂಗಿ ತೂಕ ಅಂತ ತಿಳದಿ ಏನ? ನಿನ್ನ ಜೀವಾ ಇದು!"

"ಜೀವದ್ದು ಅಂತನ ಹಂಗ ಮಾಡಿದ್ನಲ್ರಿ" ಎಂದಳು. "ಒಂದನ್ನ ಕೇಳಿದ್ರ ಎರಡನೇದು ಹೆಂಗ ಬರಬೇಕು ಅಂತ ಮನಸ್ಸು ಆಸೆಪಡ್ತಿತ್ತು."

ಆ ತಡದಿಂದ ಹೆಚ್ಚೇನೂ ಕೆಡಲಿಲ್ಲ, ಮೊದಲೇ ಮೀರಿತ್ತು ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು. ಇರಬಹುದು. ನನಗೆ ಮಾತ್ರ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಪರಮಾಣು ಕಾಯುತ್ತದೆ, ಭೂಮಿಯ ಆಯುಷ್ಯದಷ್ಟು ಕಾಯುತ್ತದೆ. ಮೈಯೊಳಗಿನ ಗಂಟು ಕಾಯುವುದಿಲ್ಲ ಎಂಬಷ್ಟು ತಿಳಿವಳಿಕೆ ಅಷ್ಟು ಓದಿದವಳಿಗೆ ಯಾಕೆ ಬರಲಿಲ್ಲ?

ಔಷಧಿ ಕೊಟ್ಟರು, ಕೂದಲು ಹೋಯಿತು, ತಲೆಗೆ ಸೆರಗು ಹೊದ್ದುಕೊಂಡೇ ಕೆಲವು ದಿನ ಪಾಠ ಮಾಡಿದಳು. ಆಮೇಲೆ ಅಣ್ಣ ಬಂದು ಇಳಕಲ್ಲಿಗೆ ಕರೆದುಕೊಂಡು ಹೋದ. ಅಲ್ಲಿ ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಕಂಪ್ಯೂಟರು ಇಟ್ಟುಕೊಂಡು ಅಕ್ಕ-ತಂಗಿಯರನ್ನು ನೋಡುತ್ತಿದ್ದಳು. ಸೂಟಿ ಸಿಕ್ಕಾಗೆಲ್ಲ ನಾನು ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಸಂಖ್ಯೆಯನ್ನು ಬಾಯಿಯೊಳಗೇ ಹೇಳಿಕೊಳ್ಳುತ್ತಿದ್ದೆ, ಮಣಿ ಎಣಿಸಿದಂತೆ.

ಎಲ್ಲ ಪರೀಕ್ಷೆ ಮುಗಿದು ಒಂದೇ ಒಂದು ಉಳಿದಿತ್ತು. ಒಂದು ವಾರದ ಅಳತೆ ಉಳಿದವುಗಳ ಜೊತೆ ಹೊಂದುತ್ತಿರಲಿಲ್ಲ. ಆ ವಾರ ಅಯಸ್ಕಾಂತ ಇಟ್ಟ ಕೋಣೆಯ ಕಾವು ಏರಿಳಿದಿರಬೇಕು ಎಂದು ಅವಳ ಅನುಮಾನ. ಬಿಸಿಲಿಗೆ ಕಾಟಾದ ಕಬ್ಬಿಣ ಹಿಗ್ಗುವುದನ್ನು ನೋಡಿ ಬೆಳೆದವಳಲ್ಲವೇ. ಅದನ್ನು ಖಾತ್ರಿ ಮಾಡಲು ಅಲ್ಲಿಯವರು ಇನ್ನೊಮ್ಮೆ ಅಳತೆ ಮಾಡಬೇಕಿತ್ತು. ಅದಕ್ಕೆ ಕೆಲವು ವಾರ ಬೇಕು. ಕೆಲವು ವಾರ ಅವಳಲ್ಲಿ ಇರಲಿಲ್ಲ. ಅದು ಅವಳ ಹಾಸಿಗೆಯ ಸುತ್ತ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಒಂದು ಮಧ್ಯಾಹ್ನ ಪ್ರಯೋಗಾಲಯದ ಅವಳ ಹಳೆಯ ಜೊತೆಗಾರ್ತಿ ವಿಡಿಯೋದಲ್ಲಿ ಬಂದಳು. ಅವಳೂ ಅಳುತ್ತಿದ್ದಳು. ನಾವೆಲ್ಲ ಕೂತು ಮಾತಾಡಿದ್ದೇವೆ, ಈ ಒಂದು ಸಲ ನೇಮ ಬಿಡೋಣ, ಸಂಖ್ಯೆ ಕೇಳಿ ತೆಗೆದು ನೋಡು, ನಿನಗಾಗಿ ಎಲ್ಲರೂ ಒಪ್ಪಿದ್ದಾರೆ ಎಂದಳು. ಅಣ್ಣ ಕೈಮುಗಿದ. "ನೋಡಿಬಿಡವಾ. ಇಷ್ಟ ವರ್ಷ ಅದಕ್ಕ ಕಾದೀದಿ."

ಅವಳಿಗೆ ಆಸೆ ಇರಲಿಲ್ಲ ಎಂದು ಯಾರೂ ತಿಳಿಯಬೇಡಿ. ನಾನು ಅವಳ ಮುಖ ನೋಡುತ್ತಿದ್ದೆ. ಹಸಿದವರ ಮುಖ ಅದು. ಆಮೇಲೆ ಕಾಲ ಬಳಿ ಕೂತಿದ್ದ ತಂದೆಯ ಕಡೆ ತಿರುಗಿದಳು.

"ಅಪ್ಪಾ, ವಸ್ತ್ರ ತಗೀಲೇನು?"

ಮುದುಕ ಹೂಂ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಅವರು ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಲಾರಿ ಇನ್ನಾ ಅಳ್ಳಾಡಾಕತ್ತೈತಲ್ಲ ಮಗಳ" ಎಂದರು. "ಹೆಂಗ ತಗೀತಿ?"

ಅವಳು ಹೌದೆಂದು ತಲೆಯಾಡಿಸಿದಳು. ಅವರು ಎದ್ದು ಹಿತ್ತಲಿಗೆ ಹೋದರು. ಮುಖಕ್ಕೆ ನೀರು ಹೊಡೆದುಕೊಳ್ಳುವ ಸಪ್ಪಳ ಕೇಳುತ್ತಲೇ ಇತ್ತು.

ನನಗೆ ತಡೆಯಲಾಗಲಿಲ್ಲ. ಇದೆಂಥ ತಂದೆ, ಇದೆಂಥ ಮಗಳು, ಇವರಿಗೆ ಕರುಳಿಲ್ಲವೇ ಎನಿಸಿತು. ನನ್ನೊಳಗಿನ ಒಂದು ಸಂಖ್ಯೆ ಕಿವಿಗೆ ಬಿದ್ದರೆ ಸಾಕಿತ್ತು, ಕಲಬೆರಕೆ ಅಂತರ ಅವಳಿಗೆ ಬಾಯಿಪಾಠವಾಗಿತ್ತು, ಅರೆಕ್ಷಣದಲ್ಲಿ ಕಳೆದು ತಿಳಿದುಕೊಳ್ಳುತ್ತಿದ್ದಳು. ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದೆ. ಅವಳು ಕೈಯೆತ್ತಿ ನನ್ನ ಬಾಯಿ ಮುಚ್ಚಿದಳು. ಕುಂಬಳಕಾಯಿ ತೂಗುತ್ತಿದ್ದ ಕೈ ಅದು. ಈಗ ನನ್ನ ತುಟಿಯ ಮೇಲೆ ಏನೂ ಇಟ್ಟಂತೆಯೇ ಇರಲಿಲ್ಲ.

"ನೀವೂ ಆಸೆಪಡಾಕತ್ತೀರಿ ಅಕ್ಕಾರ" ಎಂದಳು.

ಹೌದು, ಪಡುತ್ತಿದ್ದೆ. ಅಕ್ಕ ಭಾರವಾಗಲಿ ಎಂದು ಯಾವಾಗಿನಿಂದಲೋ ಪಡುತ್ತಿದ್ದೆ.

ಅದಾಗಿ ಬಹಳ ದಿನ ಉಳಿಯಲಿಲ್ಲ. ಕಾಟಾದ ಪಕ್ಕದ ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ನವನಗರದಿಂದ ಹುಡುಗರು ಬಸ್ಸು ಮಾಡಿಕೊಂಡು ಬಂದಿದ್ದರು. ಕುಳಗೇರಿ ಕ್ರಾಸಿನಲ್ಲಿ ಪ್ರಶ್ನೆ ಕೇಳಿದ್ದ ಆ ಹುಡುಗನೂ ಬಂದಿದ್ದ, ಈಗ ಮೀಸೆ ಬಂದಿದೆ, ಬ್ಯಾಂಕಿನಲ್ಲಿದ್ದಾನೆ. ಒಬ್ಬನೇ ಬೇಲಿಯ ಹತ್ತಿರ ನಿಂತು ಅಳುತ್ತಿದ್ದ. ನಾನು ಅವನನ್ನು ಮಾತಾಡಿಸಲಿಲ್ಲ.

ಮುಂದಿನ ವಾರಗಳು ಬಹಳ ಕೆಟ್ಟವು. ಗೋಡೆಯ ಆಚೆ ಹೊಸ ಬಾಡಿಗೆಯವರು ಬಂದರು. ಒಳ್ಳೆಯವರೇ, 'ಅಕ್ಕ-ತಂಗಿ ಏನಂತಾರವಾ' ಎಂದು ಅವರನ್ನು ಕೇಳಲಾಗುತ್ತದೆಯೇ? ಸಂಖ್ಯೆಯೊಂದು ಉಳಿದಿತ್ತು. ಯಾರಿಗೂ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ. ನನ್ನ ಬಾಯಿಂದ ಒಂದು ಮಾತು ಅಷ್ಟು ದಿನ ಹೊರಗೆ ಬೀಳದೆ ಉಳಿದದ್ದು ಈ ಜನ್ಮದಲ್ಲಿ ಅದೊಂದೇ.

ಕೊನೆಗೆ ಒಂದು ಮುಂಜಾನೆ ಆ ಜೊತೆಗಾರ್ತಿಯ ಕರೆ ಬಂತು. ಮತ್ತೆ ಅಳೆದು ನೋಡಿದ್ದರು. ಅವಳು ಹೇಳಿದಂತೆಯೇ ಆ ವಾರ ಕೋಣೆಯ ಕಾವು ಕೆಟ್ಟಿತ್ತು. ಅದನ್ನು ಸರಿಪಡಿಸಿದ ಮೇಲೆ ಎಲ್ಲವೂ ಹೊಂದಿತ್ತು. ಇನ್ನು ಒಂದಂಕಿಯನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ್ದರು. ಪರದೆಯ ಮೇಲೆ ಗುರುತಿಲ್ಲದ ಎಷ್ಟೋ ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು ಎದ್ದು ನಿಂತು, ಯಾಕೆ ನಿಂತೆನೋ, ನಮ್ಮ ಮುಳುಗಿದ ಮನೆಯ ನಂಬರು ಹೇಳಿದೆ. ಕೂಡಿಸುವುದೋ ಕಳೆಯುವುದೋ, ಅದರ ಗುರುತನ್ನೂ ಹೇಳಿದೆ. ಜೊತೆಗಾರ್ತಿ ಬಗ್ಗಿ ಏನೋ ಒತ್ತಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕನೇ ಭಾರವಿದ್ದಳು. ಅನುಮಾನಕ್ಕೆ ಜಾಗವಿಲ್ಲದಂತೆ, ಎಳ್ಳುಕಾಳಿನಷ್ಟು ಭಾರವಿದ್ದಳು. ದಾರಿ ಇತ್ತು.

ಯಾರಿಗೂ ಫೋನ್ ಮಾಡಲಿಲ್ಲ. ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಕಲ್ಲಿನ ಬಸ್ಸು ಹತ್ತಿದೆ.

ಅವಳ ತಂದೆ ಕಿಟಕಿಯ ಹತ್ತಿರ ಅದೇ ಕುರ್ಚಿಯಲ್ಲಿದ್ದರು. ಕಾಟಾದ ಮೇಲೆ ಲಾರಿ ಇರಲಿಲ್ಲ. ಅಂಗಳದಲ್ಲಿ ಸರದಿಗೆ ಒಂದೆರಡು ನಿಂತಿದ್ದವು, ಡ್ರೈವರುಗಳು ನೆರಳಿಗೆ ಕೂತಿದ್ದರು. ನಾನು ಕಿಟಕಿಯ ಹೊರಗೇ ನಿಂತೆ.

"ಕಾಕಾರ, ಎಲ್ಲಾ ಪರೀಕ್ಷಾ ಮುಗೀತಂತ್ರಿ. ತೂಕ ಬಂದೈತಿ."

ಅವರು ಕಿಟಕಿಯ ಇನ್ನೊಂದು ಪಕ್ಕಕ್ಕೆ ನೋಡಿದರು. "ತಡೀರಿ, ಇನ್ನೊಬ್ರು ಬರ್..." ಎಂದು ಅಲ್ಲಿಗೇ ನಿಲ್ಲಿಸಿದರು. ಜೀವಮಾನವೆಲ್ಲ ಹೇಳಿದ ಮಾತು, ತಾನಾಗಿ ಬಂದುಬಿಟ್ಟಿತ್ತು. ಕೈ ಹೆಗಲ ಮೇಲಿನ ವಸ್ತ್ರಕ್ಕೆ ಹೋಗಿತ್ತು. ಅದು ಅಲ್ಲಿಯೇ ಉಳಿಯಿತು. ನಾನೂ ಆ ಖಾಲಿ ಪಕ್ಕವನ್ನು ನೋಡುತ್ತಾ ನಿಂತೆ.

"ಹೇಳ್ರಿ" ಎಂದರು.

"ಹೆಚ್ಚಿಗಿ ಐತ್ರಿ. ಎಳ್ಳುಕಾಳಷ್ಟು. ಆಕಿ ಹೇಳ್ತಿದ್ಲಲ್ರಿ, ಆ ಕಾಳು."

ಅವರು ಕುರ್ಚಿಯ ಕೈ ಹಿಡಿದು ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಲದ ಕಡೆ ತಿರುಗಿ, ಲಾರಿಯ ತೂಕ ಕೂಗುವ ಆ ದೊಡ್ಡ ದನಿಯಲ್ಲಿ ಕೂಗಿದರು.

"ಹೆಚ್ಚಿಗಿ ಐತಿ ಮಗಳ! ಎಳ್ಳುಕಾಳಷ್ಟು ಹೆಚ್ಚಿಗಿ ಐತಿ!"

ನೆರಳಿನಲ್ಲಿದ್ದ ಡ್ರೈವರುಗಳು ಯಾರ ಲಾರಿಯೋ ಎಂದು ಎದ್ದು ನಿಂತು ನೋಡಿದರು. ಕಾಟಾ ಖಾಲಿ ಇತ್ತು. ಅವಳ ತಂದೆ ಇನ್ನೊಮ್ಮೆ ಕೂಗಿದರು.